ಸೌದೆಯ ಹಿಂದಿನ ಡಬ್ಬಗಳು

ಫೆಬ್ರವರಿ 2, ಭಾನುವಾರ

ಹನ್ನೊಂದು ವರ್ಷ ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಇವರ ಶುಗರ್ ಬರೆದಿಟ್ಟೆ. ಖಾಲಿ ಹೊಟ್ಟೆಯದು ಎಡಪುಟಕ್ಕೆ, ತಿಂಡಿ ಆದ ಮೇಲಿನದು ಬಲಪುಟಕ್ಕೆ. ಡಿಸೆಂಬರ್ ಹತ್ತೊಂಬತ್ತಕ್ಕೆ ಇವರು ಹೋದರು. ಹೃದಯ ನಿಂತಿತು ಅಂದರು ಡಾಕ್ಟರು. ಈಗಲೂ ಆರಕ್ಕೆ ಎಚ್ಚರವಾಗುತ್ತದೆ, ಕೈ ಪೆನ್ನು ಹುಡುಕುತ್ತದೆ. ಹೊಸ ವರ್ಷಕ್ಕೆಂದು ತಂದಿದ್ದ ನೋಟ್‌ಬುಕ್ಕು ಖಾಲಿ ಬಿದ್ದಿತ್ತು. ಬರೆಯಲು ಸಂಖ್ಯೆಯೇ ಇರಲಿಲ್ಲ.

ಇವತ್ತು ಸಿಕ್ಕಿತು. ಅರವತ್ತಮೂರು.

ಸ್ನಾನದ ಒಲೆಗೆ ಸೌದೆ ತರುವುದು ಇವರ ಕೆಲಸವಾಗಿತ್ತು. ಹಿತ್ತಲಿನ ಸೌದೆ ಕೊಟ್ಟಿಗೆಗೆ ನಾನು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಬಾಗಿಲ ಹತ್ತಿರದ ರಾಶಿ ಮುಗಿದದ್ದರಿಂದ ಒಳಗೆ ಹೋದೆ. ಹಿಂದಿನ ಸಾಲಿನ ಆಚೆ ಮೂರು ಗೋಣಿಚೀಲ ಇದ್ದವು. ಕಾಳುಮೆಣಸು ಇರಬಹುದು, ಮಾರಲು ಮರೆತಿದ್ದಾರೆ ಅಂದುಕೊಂಡೆ. ಬಾಯಿ ಬಿಚ್ಚಿದರೆ ಡಬ್ಬಗಳು. ಟಿನ್ನಿನಲ್ಲಿ ಬರುವ ರಸಗುಲ್ಲಾದ ಡಬ್ಬ ನಲವತ್ತೊಂದು, ಜಾಮೂನಿನದು ಹದಿನಾಲ್ಕು, ಸಿಹಿ ಗಟ್ಟಿಹಾಲಿನದು ಎಂಟು. ಎಲ್ಲ ಖಾಲಿ. ಒಂದೊಂದನ್ನೂ ಮೂಸಿದೆ. ಸೋಪಿನ ವಾಸನೆ. ಮನೆಯಲ್ಲಿ ಒಂದು ಲೋಟ ತೊಳೆಯದ ಮನುಷ್ಯ ಅರವತ್ತಮೂರು ಡಬ್ಬ ತೊಳೆದಿಟ್ಟಿದ್ದರು.

ಫೆಬ್ರವರಿ 3, ಸೋಮವಾರ

ಒಂದು ರಸಗುಲ್ಲಾ ಡಬ್ಬದಲ್ಲಿ ಹದಿನಾರು ಉಂಡೆ ಅಂತ ಲೇಬಲ್ಲಿನ ಮೇಲೆ ಇದೆ. ನಲವತ್ತೊಂದು ಹದಿನಾರಲೆ ಆರುನೂರ ಐವತ್ತಾರು. ಜಾಮೂನು ಬೇರೆ.

ಅನ್ನ ತೂಗಿ ಬಡಿಸುತ್ತಿದ್ದೆ. ಬೆಳಿಗ್ಗೆ ಹಾಗಲಕಾಯಿ ರಸ ಕುಡಿಸಿ, ಲೋಟ ಖಾಲಿಯಾಗುವವರೆಗೆ ಎದುರಿಗೇ ನಿಂತಿರುತ್ತಿದ್ದೆ. ಮದುವೆಮನೆಗಳಲ್ಲಿ ಇವರ ಎಲೆಯಿಂದ ಹೋಳಿಗೆ ಎತ್ತಿ ನನ್ನ ಎಲೆಗೆ ಹಾಕಿಕೊಂಡಿದ್ದೇನೆ. ತುಂಗಾ ಟೀಚರ ಕೈಯಲ್ಲಿ ಇರುವವರೆಗೆ ಮಾಷ್ಟ್ರಿಗೆ ಏನೂ ಆಗುವುದಿಲ್ಲ ಅಂತ ಮಾದಾಪುರದಲ್ಲಿ ಹೇಳದವರಿಲ್ಲ. ನಾನೂ ನಂಬಿದ್ದೆ.

ಗುರುವಾರ ಗುಜರಿಯವನು ಬರುತ್ತಾನೆ. ಅವನು ಏಳನೇ ಕ್ಲಾಸಿನಲ್ಲಿ ನನ್ನ ಹತ್ತಿರ ಲೆಕ್ಕ ಕಲಿತವನು. ಈ ಚೀಲ ಅವನ ಗಾಡಿ ಹತ್ತಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಸಂಹಿತಾಗಂತೂ ಗೊತ್ತಾಗಬಾರದು. ಅವಳು ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಸೋಮವಾರಪೇಟೆಗೆ, ಬ್ಯಾಂಕಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಷ್ಟರೊಳಗೆ ಇವನ್ನು ಏನಾದರೂ ಮಾಡಬೇಕು. ಅಪ್ಪನ ಬಗ್ಗೆ ಅವಳಿಗಿರುವ ಗೌರವ ಹಾಗೇ ಇರಲಿ.

ಫೆಬ್ರವರಿ 5, ಬುಧವಾರ

ಹೂಳೋಣ ಅಂತ ಹೋದೆ. ನೆಲ ಕಲ್ಲಾಗಿದೆ. ಒಂದು ಮೊಳ ಅಗೆಯುವುದರಲ್ಲಿ ಉಸಿರು ಹತ್ತಿತು. ಬೇಲಿಯಾಚೆಯಿಂದ ಯಮುನಕ್ಕ ಏನು ನೆಡುತ್ತಿದ್ದೀರಿ ಅಂತ ಕೇಳಿದರು. ಸುವರ್ಣಗೆಡ್ಡೆ ಅಂದೆ. ಬಿಸಿಲಿಗೆ ಈಗಲೇ ಯಾಕೆ ಅಂದರು. ಒಳಗೆ ಬಂದೆ.

ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಎರಡು ಡಬ್ಬ ಹಾಗೇ ಇದ್ದವು. ಅಡುಗೆಮನೆಯ ಕಪಾಟಿನ ಕಾಲಿನ ಮೇಲೆ ಇರುವೆ ಸಾಲು ಹತ್ತುತ್ತಿತ್ತು. ಚಿಕ್ಕಂದಿನಲ್ಲಿ ನಮ್ಮಜ್ಜಿ ಕಪಾಟಿನ ಕಾಲುಗಳನ್ನು ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ಇಡುತ್ತಿದ್ದರು. ಗಟ್ಟಿಹಾಲಿನ ನಾಲ್ಕು ಡಬ್ಬ ತಂದೆ. ಎತ್ತರ ಜಾಸ್ತಿಯಾಯಿತು. ತಗಡು ಕತ್ತರಿಸುವ ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿ, ನೀರು ಹಾಕಿ, ಕಪಾಟಿನ ಒಂದೊಂದೇ ಕಾಲೆತ್ತಿ ಅದರೊಳಗಿಟ್ಟೆ.

ಉಳಿದದ್ದು ಐವತ್ತೊಂಬತ್ತು.

ಫೆಬ್ರವರಿ 8, ಶನಿವಾರ

ಇರುವೆ ಮತ್ತೆ ಬಂದಿವೆ. ನೀರು ಹಾಗೇ ಇದೆ. ಹಾಗಾದರೆ ಎಲ್ಲಿಂದ?

ಮೊಣಕಾಲೂರಿ ಕುಳಿತು ಅರ್ಧ ಗಂಟೆ ನೋಡಿದೆ. ಕಪಾಟಿನ ಬೆನ್ನು ಗೋಡೆಗೆ ತಾಗಿದೆ. ಅಲ್ಲಿಂದ ರಾಜಮಾರ್ಗ. ಕಪಾಟನ್ನು ನಾಲ್ಕು ಬೆರಳು ಮುಂದೆ ಎಳೆದೆ. ಮಧ್ಯಾಹ್ನಕ್ಕೆ ಒಂದು ಇರುವೆ ಗೋಡೆಯ ತುದಿಗೆ ಬಂದು, ಮೀಸೆ ಆಡಿಸಿ, ವಾಪಸ್ಸು ಹೋಯಿತು. ಯಾರಿಗಾದರೂ ಹೇಳಬೇಕು ಅನಿಸಿತು.

ಸುಮ್ಮನೆ ಕೂರಲಾಗದೆ ರಸಗುಲ್ಲಾ ಡಬ್ಬದ ಸುತ್ತಳತೆ ದಾರದಿಂದ ಅಳೆದೆ. ಮೂವತ್ತೊಂದು ಸೆಂಟಿಮೀಟರ್. ಎತ್ತರ ಹನ್ನೆರಡು. ಲೆಕ್ಕ ಹಾಕಿದರೆ ಒಂಬೈನೂರು ಮಿಲಿಲೀಟರಿನ ಆಸುಪಾಸು. ನೀರು ತುಂಬಿ ಅಳೆದೆ, ಸರಿಯಾಗಿತ್ತು. ಹೊಟ್ಟೆಯ ಸುತ್ತ ಬಳೆಯಂತೆ ಉಬ್ಬುಗೆರೆಗಳಿವೆ. ಚೆಂದಕ್ಕೆ ಅಂದುಕೊಂಡಿದ್ದೆ. ಗೆರೆ ಇಲ್ಲದ ಜಾಮೂನು ಡಬ್ಬ ಹೆಬ್ಬೆರಳಿಗೆ ನೆಗ್ಗುತ್ತದೆ, ಗೆರೆ ಇರುವುದು ಜಪ್ಪಯ್ಯ ಅನ್ನುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸಿಲಿಂಡರಿನ ಲೆಕ್ಕ ಹೇಳಿಕೊಟ್ಟವಳು ಒಂದು ಡಬ್ಬವನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಫೆಬ್ರವರಿ 13, ಗುರುವಾರ

ಗುಜರಿಯವನು ಬಂದ. ಹಳೇ ಪೇಪರ್ ಮಾತ್ರ ಕೊಟ್ಟೆ.

ಫೆಬ್ರವರಿ 16, ಭಾನುವಾರ

ತೂತು ಹೊಡೆದರೆ ಹೆಸರುಕಾಳು ಮೊಳಕೆ ಕಟ್ಟಲು ಆದೀತು ಅಂದುಕೊಂಡೆ. ಮೊಳೆ ಇಟ್ಟು ಸುತ್ತಿಗೆಯಲ್ಲಿ ಬಡಿದರೆ ತೂತಾಗುವ ಮೊದಲೇ ಡಬ್ಬ ನೆಗ್ಗಿತು. ಎರಡು ಹಾಳಾದವು. ಒಳಗೆ ಏನಾದರೂ ಗಟ್ಟಿಯಾಗಿ ತುಂಬಿದ್ದರೆ? ನಿನ್ನೆ ರಾತ್ರಿ ನೀರು ತುಂಬಿ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ತೆಗೆದರೆ ಮಂಜುಗಡ್ಡೆಯ ಮೇಲೆ ತೂತುಗಳು ನೀಟಾಗಿ ಬಿದ್ದವು. ಆದರೆ ಡಬ್ಬವನ್ನು ಮೇಜಿನ ಮೇಲಿಟ್ಟರೆ ಕುಡಿದವನ ಹಾಗೆ ವಾಲಾಡುತ್ತದೆ. ನೀರು ಹೆಪ್ಪುಗಟ್ಟುವಾಗ ಹಿಗ್ಗಿ ತಳವನ್ನು ಹೊರಗೆ ತಳ್ಳಿದೆ. ಮುಂದಿನದಕ್ಕೆ ಕಂಠದವರೆಗೆ ತುಂಬದೆ ಎರಡು ಬೆರಳು ಬಿಡಬೇಕು.

ಸಂಹಿತಾ ಹಾಲು ತೆಗೆಯಲು ಹೋಗಿ ಫ್ರೀಜರಿನಲ್ಲಿ ಇನ್ನೊಂದು ಡಬ್ಬ ನೋಡಿದಳು. ಎಲ್ಲಿಂದ ಬಂತು ಅಂತ ಕೇಳಿದಳು. ಯಮುನಕ್ಕ ಕೊಟ್ಟರು ಅಂದೆ. ಅವಳು ಲೇಬಲ್ಲಿನ ಕಡೆ ನೋಡಿ ಬಾಗಿಲು ಮುಚ್ಚಿದಳು. ಹುಡುಗಿ ಇತ್ತೀಚೆಗೆ ತುಂಬಾ ಸುಮ್ಮನಿರುತ್ತಾಳೆ. ನೀರು ಮಾತ್ರ ಜಾಸ್ತಿ ಕುಡಿಯುತ್ತಾಳೆ. ಬಿಸಿಲು.

ಫೆಬ್ರವರಿ 21, ಶುಕ್ರವಾರ

ಮೊಳಕೆ ಒಂದೂವರೆ ಅಂಗುಲ ಬಂದಿದೆ, ಬಟ್ಟೆಯಲ್ಲಿ ಕಟ್ಟಿದ್ದಕ್ಕಿಂತ ನೇರ. ಗಾಳಿ ಕೆಳಗಿನಿಂದ ಬರುವುದಕ್ಕೋ ಏನೋ. ಪಕ್ಕದಲ್ಲಿ ಬಟ್ಟೆಯದನ್ನೂ ಇಟ್ಟು ಹೋಲಿಸಿ ನೋಡಬೇಕು.

ಡಬ್ಬಗಳಿಗೆ ಅಡಿಯಲ್ಲಿ ತೂತು ಹೊಡೆದು, ತೆಂಗಿನ ನಾರು ಹಾಕಿ, ಕೊತ್ತಂಬರಿ, ಪುದೀನ, ಒಂದೆರಡು ಜೆರೇನಿಯಂ ಕಡ್ಡಿ ನೆಟ್ಟೆ. ಹನ್ನೊಂದು ಹೋದವು. ಅಂಗಳದ ಕಟ್ಟೆಯ ಮೇಲೆ ಸಾಲಾಗಿ ನಿಂತಿವೆ. ಲೇಬಲ್ಲು ಕಿತ್ತು, ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಮತ್ತು ಸೋಡಾಪುಡಿ ಹಚ್ಚಿ ಉಜ್ಜಿದೆ. ಈಗ ಅವು ಯಾವುದರ ಡಬ್ಬ ಅಂತ ಯಾರಿಗೂ ಗೊತ್ತಾಗಲಾರದು.

ಯಮುನಕ್ಕ ಬಂದು ತುಂಬ ಹೊತ್ತು ನೋಡಿದರು. ಆಂಥೂರಿಯಂ ಗಿಡಕ್ಕೆ ಹತ್ತು ಡಬ್ಬ ಕೊಡುತ್ತೀರಾ ಅಂತ ಕೇಳಿದರು. ಒಳಗೆ ಹೋಗಿ ತಂದುಕೊಟ್ಟೆ. ಆಮೇಲೆ ಹೊಳೆಯಿತು: ಇಷ್ಟೊಂದು ಡಬ್ಬ ಎಲ್ಲಿಂದ ಬಂತು ಅಂತ ಅವರು ಕೇಳಲೇ ಇಲ್ಲ. ಸುವರ್ಣಗೆಡ್ಡೆ ಯಾಕೆ ನೆಡುತ್ತೀರಿ ಅಂತ ಕೇಳುವ ಹೆಂಗಸು ಇದನ್ನು ಕೇಳದಿರುವುದೇ? ಅವರ ಗಂಡ ಗುರುವಪ್ಪನೂ ವೈಕುಂಠ ಸಮಾರಾಧನೆಗೆ ಬಂದು ಹೋದವರು ಈ ಕಡೆ ತಲೆಹಾಕಿಲ್ಲ. ಮೂವತ್ತು ವರ್ಷದ ನೆರೆ. ಇವರೂ ಅವರೂ ಒಟ್ಟಿಗೆ ಕೂತರೆ ಪೇಪರಿನ ಕೊನೆಯ ಸಾಲಿನವರೆಗೆ ಓದಿ ಮುಗಿಸುತ್ತಿದ್ದರು.

ಫೆಬ್ರವರಿ 28, ಶುಕ್ರವಾರ

ಎಡಗೈ ತೋರುಬೆರಳಿಗೆ ಮೂರು ಹೊಲಿಗೆ.

ನಿನ್ನೆ ಸಂಹಿತಾ ಬ್ಯಾಂಕಿನಿಂದ ಬರುವಾಗ ಒಂದು ಅನಾನಸ್ ಡಬ್ಬ ತಂದಿದ್ದಳು, ಯಾರದೋ ಬೀಳ್ಕೊಡುಗೆಯಲ್ಲಿ ಉಳಿದದ್ದಂತೆ. ಖಾಲಿಯಾದ ಮೇಲೆ ತೊಳೆಯಲು ಕೈ ಹಾಕಿದೆ. ಅಂಚು ಚರ್ರನೆ ಕುಯ್ದಿತು. ಆಸ್ಪತ್ರೆಯ ನರ್ಸ್ ಡಬ್ಬವೇ ಅಲ್ವಾ ಟೀಚರ್, ಜಾಗ್ರತೆ ಬೇಡ್ವಾ ಅಂದಳು.

ಮನೆಗೆ ಬಂದು ಯೋಚಿಸಿದೆ. ಒಂದು ತಿಂಗಳಿನಿಂದ ದಿನಾ ಡಬ್ಬ ಮುಟ್ಟುತ್ತಿದ್ದೇನೆ. ಒಂದು ಗೀರೂ ಆಗಿರಲಿಲ್ಲ. ಕೊಟ್ಟಿಗೆಗೆ ಹೋಗಿ ಇವರ ಡಬ್ಬಗಳ ಬಾಯಿಗೆ ಬಲಗೈ ಬೆರಳು ಆಡಿಸಿದೆ. ಬಟ್ಟಲಿನ ಅಂಚಿನ ಹಾಗೆ ನಯ. ಬೆಳಕಿಗೆ ಹಿಡಿದರೆ ಇಕ್ಕಳದ ಹಲ್ಲಿನ ಗುರುತು ಕಾಣುತ್ತದೆ. ಚೂಪಾದ ಅಂಚನ್ನು ಸುತ್ತಲೂ ಒಳಕ್ಕೆ ಮಡಚಿ, ಯಾವುದರಿಂದಲೋ ತೀಡಿದ್ದಾರೆ. ಎಲ್ಲ ಡಬ್ಬಗಳಿಗೂ. ಒಂದೊಂದಕ್ಕೆ ಅರ್ಧ ಗಂಟೆಯಾದರೂ ಬೇಕು.

ಕದ್ದು ತಿಂದವರು ಡಬ್ಬ ಎಸೆಯುತ್ತಾರೆ. ಇವರು ಯಾಕೆ ತೀಡಿ ಇಟ್ಟುಕೊಂಡರು? ಯಾರಿಗೆ?

ಮಾರ್ಚ್ 4, ಮಂಗಳವಾರ

ಗುರುವಪ್ಪನ ಮನೆಗೆ ಹೋದೆ. ರೊಬಸ್ಟಾ ಕಾಫಿ ಕುಯ್ಲು ಮುಗಿದು ಅಂಗಳದಲ್ಲಿ ಹಣ್ಣು ಒಣಗುತ್ತಿತ್ತು. ಅವರು ಜೀಪಿನ ಬಾನೆಟ್ ಎತ್ತಿ ಏನೋ ನೋಡುತ್ತಿದ್ದರು. ನನ್ನನ್ನು ಕಂಡು ಕೈ ಒರೆಸಿಕೊಂಡರು, ತಲೆ ಎತ್ತಲಿಲ್ಲ. ಕೈಚೀಲದಿಂದ ಒಂದು ಡಬ್ಬ ತೆಗೆದು ಜೀಪಿನ ಮಡ್‌ಗಾರ್ಡಿನ ಮೇಲಿಟ್ಟೆ. ಇದನ್ನು ಯಾರು ತೀಡಿದ್ದು ಅಂತಷ್ಟೇ ಕೇಳಿದೆ.

ಅವರು ಜೀಪಿನ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ತೀಡಿದ್ದು ಮಾಷ್ಟ್ರೇ, ಟೀಚರೇ. ತಂದು ಕೊಡ್ತಿದ್ದದ್ದು ನಾನು. ಕುಶಾಲನಗರಕ್ಕೆ ಬಾಡಿಗೆ ಹೋದಾಗ ತರ್ತಿದ್ದೆ. ನಾನೇ ಕೊಂದೆ ಅವರ್ನ."

ಆಮೇಲೆ ಎಲ್ಲ ಹೇಳಿದರು. ನಾನು ಭಾನುವಾರ ಮಧ್ಯಾಹ್ನ ಭಜನಾ ಮಂಡಳಿಗೆ ಹೋದ ಕೂಡಲೇ ಇಬ್ಬರೂ ಸೌದೆ ಕೊಟ್ಟಿಗೆ ಸೇರುತ್ತಿದ್ದರಂತೆ. ಇವರು ರಿಟೈರ್ ಆದ ಮೇಲೆ ಶುರುವಾದದ್ದು. ವಾರಕ್ಕೆ ಒಂದು ಡಬ್ಬ. ಅದರಲ್ಲಿ ಇವರು ತಿನ್ನುತ್ತಿದ್ದದ್ದು ಎರಡು ಉಂಡೆ, ಗಟ್ಟಿಹಾಲಾದರೆ ಎರಡು ಚಮಚ. ಮೂರನೆಯದನ್ನು ಯಾವತ್ತೂ ಮುಟ್ಟಿಲ್ಲವಂತೆ. ಉಳಿದದ್ದನ್ನು ಪಾತ್ರೆಗೆ ಸುರಿದುಕೊಂಡು ಗುರುವಪ್ಪ ಮನೆಗೆ ತರುತ್ತಿದ್ದರು. ಯಮುನಕ್ಕನಿಗೆ ಎಲ್ಲ ಗೊತ್ತು.

ಮೊದಲಿನ ಒಂದೆರಡು ಡಬ್ಬಗಳನ್ನು ಗುರುವಪ್ಪ ತೋಟದ ಬದಿಗೆ ಎಸೆದರಂತೆ. ಮೂರು ದಿನ ಕಳೆದು ತೋಟದ ಆಳುಗಳ ಲೈನ್‌ಮನೆಯ ನಾಯಿಯೊಂದು ಡಬ್ಬ ನೆಕ್ಕಲು ಹೋಗಿ ನಾಲಿಗೆ ಕುಯ್ದುಕೊಂಡು ಬಂತು. ಇವರು ಅದನ್ನು ಜೀಪಿನಲ್ಲಿ ಹಾಕಿಸಿಕೊಂಡು ಸೋಮವಾರಪೇಟೆಯ ಪಶು ಆಸ್ಪತ್ರೆಗೆ ಹೋದರು. ನನಗೆ ಹೇಳಿದ್ದು ಪೆನ್ಶನ್ ಕಚೇರಿ ಅಂತ. ಅಂದಿನಿಂದ ಒಂದು ಡಬ್ಬವನ್ನೂ ಹೊರಗೆ ಹಾಕಲು ಬಿಡಲಿಲ್ಲ. ಇಕ್ಕಳದಲ್ಲಿ ಮಡಚಿ, ಹೊಳೆಯ ಉರುಟು ಕಲ್ಲಿನಿಂದ ತೀಡುತ್ತ ಕೂರುತ್ತಿದ್ದರು.

ಇಷ್ಟನ್ನು ಇಟ್ಟುಕೊಂಡು ಏನು ಮಾಡುವ ಯೋಚನೆ ಇತ್ತು ಅಂತ ಕೇಳಿದೆ.

ಗುರುವಪ್ಪ ಆಗ ಮೊದಲ ಸಲ ನನ್ನ ಮುಖ ನೋಡಿದರು. "ನಾನೂ ಅದೇ ಕೇಳ್ದೆ. 'ತುಂಗಾಳನ್ನ ಕೇಳಿದ್ರೆ ಹತ್ತು ಉಪಾಯ ಹೇಳ್ತಾಳೆ, ಆದ್ರೆ ಕೇಳೋದು ಹೇಗೆ ಗುರುವಪ್ಪ' ಅಂದ್ರು ಮಾಷ್ಟ್ರು."

ಡಬ್ಬವನ್ನು ಅಲ್ಲೇ ಬಿಟ್ಟು ಬಂದೆ.

ಮಾರ್ಚ್ 5, ಬುಧವಾರ

ಏನೂ ಮಾಡಲಿಲ್ಲ.

ಮಾರ್ಚ್ 6, ಗುರುವಾರ

ಎಲ್ಲರಿಗೂ ಗೊತ್ತಿತ್ತು. ನನಗೆ ಮಾತ್ರ ಹೇಳಲಾಗಲಿಲ್ಲ. ನಾನೇನು ಹುಲಿಯೇ?

ಗಿಡಗಳಿಗೆ ನೀರು ಹಾಕಿಲ್ಲ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಆರಕ್ಕೆ ಎದ್ದು ಹಳೇ ನೋಟ್‌ಬುಕ್ಕುಗಳನ್ನು ಕಪಾಟಿನಿಂದ ಇಳಿಸಿದೆ. ವಾರಕ್ಕೆ ಎರಡು ರಸಗುಲ್ಲಾ ಎಂಬುದು ನಿಜವಾದರೆ ಅದು ಎಲ್ಲಾದರೂ ಕಾಣಬೇಕು. ಅಂಕಿಗಳು ಸುಳ್ಳು ಹೇಳುವುದಿಲ್ಲ.

ಕಂಡಿತು. ಸೋಮವಾರಗಳು. ಬೇರೆ ದಿನ ಬೆಳಿಗ್ಗೆ ನೂರ ಹತ್ತು, ನೂರ ಹದಿನೈದು. ಸೋಮವಾರ ನೂರ ಮೂವತ್ತು, ನೂರ ಮೂವತ್ತೈದು. ಮಂಗಳವಾರಕ್ಕೆ ಮತ್ತೆ ಸರಿ. ಅರವತ್ತಕ್ಕಿಂತ ಹೆಚ್ಚು ಸೋಮವಾರಗಳು, ಒಂದರ ಕೆಳಗೊಂದು. ಹೋದ ವರ್ಷ ಜೂನಿನ ಒಂದು ಪುಟದ ಬದಿಯಲ್ಲಿ ನನ್ನದೇ ಅಕ್ಷರದಲ್ಲಿ "ಸೋಮವಾರ?" ಅಂತ ಬರೆದಿದೆ. ಅದರ ಕೆಳಗೆ "ಹಾಗಲ ಅರ್ಧ ಲೋಟ ಹೆಚ್ಚು." ಪ್ರಶ್ನೆ ಹಾಕಿದವಳು ಅವರನ್ನೇ ಕೇಳಬಹುದಿತ್ತು. ಲೋಟ ದೊಡ್ಡದು ಮಾಡಿದೆ.

ಮೂರು ತಿಂಗಳ ಸರಾಸರಿಯ ರಿಪೋರ್ಟುಗಳೂ ಇದ್ದವು. ಕೊನೆಯದು ನವೆಂಬರಿನದು. ಡಾಕ್ಟರು ಅದರ ಮೇಲೆ ತುಂಬಾ ಚೆನ್ನಾಗಿದೆ ಅಂತ ಬರೆದಿದ್ದಾರೆ. ನನ್ನ ಮಾವನವರೂ ಅರವತ್ತೆರಡಕ್ಕೇ ಹೃದಯದಿಂದ ಹೋದವರು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಮಾರ್ಚ್ 9, ಭಾನುವಾರ

ನೋಟ್‌ಬುಕ್ಕು, ರಿಪೋರ್ಟು ತೆಗೆದುಕೊಂಡು ಗುರುವಪ್ಪನ ಮನೆಗೆ ಹೋದೆ. ಭಜನೆಗೆ ಹೋಗಲಿಲ್ಲ. ಅವರ ಜಗಲಿಯಲ್ಲಿ ಕೂತು ಸೋಮವಾರಗಳನ್ನು ಒಂದೊಂದಾಗಿ ತೋರಿಸಿದೆ. ಏರಿದ್ದು ಎಷ್ಟು, ಇಳಿದದ್ದು ಯಾವಾಗ, ಸರಾಸರಿ ಹೇಗೆ ತೆಗೆಯುತ್ತಾರೆ, ಎಲ್ಲ. ಅವರು ಕ್ಲಾಸಿನಲ್ಲಿ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೇಳಿದರು.

"ಇಷ್ಟರಿಂದ ಯಾರೂ ಸಾಯುವುದಿಲ್ಲ ಗುರುವಪ್ಪನವರೇ. ಲೆಕ್ಕ ನಿಮ್ಮ ಕಣ್ಣೆದುರಿಗೇ ಇದೆ. ನೀವು ಕೊಂದಿಲ್ಲ."

ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಯಮುನಕ್ಕ ಒಳಗಿನಿಂದ ಕಾಫಿ ತಂದವರು ಬಾಗಿಲಲ್ಲೇ ನಿಂತರು. ಎರಡೂವರೆ ತಿಂಗಳಿನಿಂದ ಇವರು ಸರಿಯಾಗಿ ಉಂಡಿಲ್ಲ ಟೀಚರೇ, ಅಂದರು.

ಕಾಫಿ ಕುಡಿಯುತ್ತ ಇನ್ನೊಂದು ಕೇಳಿದೆ. ವಾರವಾರ ಎರಡು ಗಂಟೆ ಕೂತು ಇಬ್ಬರೂ ಏನು ಮಾತಾಡುತ್ತಿದ್ದಿರಿ? ಗುರುವಪ್ಪ ನೆನಪಿಸಿಕೊಂಡು ನೆನಪಿಸಿಕೊಂಡು ಹೇಳಿದರು. ಇವರಿಗೆ ಹಡಗಿನಲ್ಲಿ ಅಡುಗೆಯವನಾಗುವ ಆಸೆ ಇತ್ತಂತೆ. ಹದಿನೇಳು ವರ್ಷದಲ್ಲಿ ಮಂಗಳೂರಿಗೆ ಓಡಿಹೋಗಲು ಚೀಲ ಕಟ್ಟಿ, ಬಸ್ಸಿನಲ್ಲಿ ವಾಂತಿಯಾಗಿ ಸುಳ್ಯದಿಂದ ವಾಪಸ್ಸು ಬಂದರಂತೆ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದೆ, ಇದು ಗೊತ್ತಿಲ್ಲ. ಇನ್ನೇನು ಹೇಳುತ್ತಿದ್ದರು ಅಂತ ಕೇಳಿದೆ. ಕತ್ತಲಾಗುವವರೆಗೆ ಕೇಳುತ್ತಲೇ ಇದ್ದೆ.

ಮಾರ್ಚ್ 14, ಶುಕ್ರವಾರ

ಹೋದ ವಾರ ಮಳೆ ಬಿದ್ದು ಕಾಫಿ ಹೂ ಬಿಟ್ಟಿದೆ. ಕಿಟಕಿ ತೆರೆದರೆ ಮನೆಯೊಳಗೆಲ್ಲ ಘಮ.

ಗುರುವಪ್ಪ ದಿನಾ ಬರುತ್ತಾರೆ. ತೂತು ಹೊಡೆಯಲು ಮಂಜುಗಡ್ಡೆ ಯಾಕೆ, ಒಳಗೆ ಸರಿಯಾಗಿ ಕೂರುವ ಸಿಲ್ವರ್‌ಓಕ್ ಮರದ ಕೊರಡು ತೂರಿಸಿ ಅಂದರು. ನನ್ನ ಇಷ್ಟು ದಿನದ ಸಂಶೋಧನೆ ಒಂದು ಕೊರಡಿಗೆ ಸೋತಿತು. ಡಬ್ಬಗಳಿಗೆ ಹೂವು, ಚುಕ್ಕಿ, ಬಳ್ಳಿಯ ಆಕಾರದಲ್ಲಿ ತೂತು ಹೊಡೆದು ಒಳಗೆ ಹಣತೆ ಇಟ್ಟರೆ ಗೋಡೆಯ ಮೇಲೆ ಅದೇ ಚಿತ್ತಾರ ದೊಡ್ಡದಾಗಿ ಬೀಳುತ್ತದೆ. ಡಬ್ಬವನ್ನು ಗೋಡೆಯಿಂದ ದೂರ ಸರಿಸಿದಷ್ಟೂ ಹೂ ದೊಡ್ಡದಾಗುತ್ತದೆ, ಮಸುಕೂ ಆಗುತ್ತದೆ. ಎಷ್ಟು ದೂರಕ್ಕೆ ಎಷ್ಟು ದೊಡ್ಡದು ಅಂತ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಸಂಹಿತಾ ಬಂದು ಅದನ್ನು ದಾಟಿಕೊಂಡು ಹೋದಳು.

ಇನ್ನು ಕೆಲವನ್ನು ಗುರುವಪ್ಪ ಬಾಳೆತೋಟದ ಬೇಲಿಯ ಹಗ್ಗಕ್ಕೆ ಜೋಡಿ ಜೋಡಿಯಾಗಿ ಕಟ್ಟಿದ್ದಾರೆ, ಹಂದಿ ತಾಗಿದರೆ ಗಲಗಲ ಅನ್ನಲಿ ಅಂತ. ಒಂದು ಡಬ್ಬದ ಎರಡೂ ಕಡೆ ಕತ್ತರಿಸಿ ಬಳೆ ಮಾಡಿ ಅಕ್ಕಿರೊಟ್ಟಿಯನ್ನು ದುಂಡಗೆ ಕತ್ತರಿಸಿದೆ. ದುಂಡಗಾಯಿತು. ಆದರೆ ಅಂಚಿನ ಹಿಟ್ಟು ಮತ್ತೆ ತಟ್ಟಬೇಕು. ಕೈಯಲ್ಲಿ ತಟ್ಟಿದ್ದೇ ವಾಸಿ. ಎಲ್ಲ ಉಪಾಯವೂ ಒಳ್ಳೆಯದಲ್ಲ.

ಎಷ್ಟು ಉಳಿದಿವೆ ಅಂತ ಎಣಿಸಿಲ್ಲ.

ಮಾರ್ಚ್ 22, ಶನಿವಾರ

ಮಹಿಳಾ ಸಂಘದಲ್ಲಿ ಇವನ್ನೆಲ್ಲ ತೋರಿಸಬೇಕು ಅಂತ ಯಮುನಕ್ಕ ಹಠ ಹಿಡಿದಿದ್ದರು. ಸೂತಕದ ವರ್ಷದಲ್ಲಿ ಸಭೆ ಏಕೆ ಅಂದೆ. ಸಭೆ ಅಲ್ಲ, ಕ್ಲಾಸು ಅಂದರು. ಇಪ್ಪತ್ತು ಜನ ಬಂದಿದ್ದರು. ಸಂಹಿತಾಗೆ ರಜೆ, ಡಬ್ಬಗಳ ಬುಟ್ಟಿ ಹೊತ್ತು ತಂದು ಹಿಂದಿನ ಬೆಂಚಿನಲ್ಲಿ ಕೂತಳು.

ಇರುವೆಯ ಬಟ್ಟಲು, ಮೊಳಕೆ ಡಬ್ಬ, ಗಿಡ, ದೀಪ ಎಲ್ಲ ತೋರಿಸಿದೆ. ಅಂಚು ಮಡಚುವುದನ್ನು ಎಲ್ಲರ ಕೈಯಲ್ಲೂ ಮಾಡಿಸಿದೆ. ಅಷ್ಟು ಮಾಡದೆ ಯಾರೂ ಡಬ್ಬ ಮುಟ್ಟಕೂಡದು ಅಂತ ಸ್ವಲ್ಪ ಗದರಿದೆ ಕೂಡ. ಕೊನೆಗೆ ದೀಕ್ಷಿತಾ ಎಂಬ ಹುಡುಗಿ, ನನ್ನ ಹಳೇ ವಿದ್ಯಾರ್ಥಿನಿ, ಎದ್ದು ನಿಂತು ಕೇಳಿದಳು, "ಟೀಚರ್, ಇಷ್ಟೊಂದು ಡಬ್ಬ ನಿಮಗೆ ಎಲ್ಲಿಂದ ಸಿಕ್ತು?"

ಹೇಳಬೇಕು ಅಂತ ಯೋಚಿಸಿರಲಿಲ್ಲ.

"ನಮ್ಮ ಮನೆಯವರು ನನಗೆ ಗೊತ್ತಾಗದ ಹಾಗೆ ತಿಂದದ್ದು. ಅರವತ್ತಮೂರು ವಾರ. ನಾನು ಹಾಗಲಕಾಯಿ ಹಿಂಡುತ್ತಿದ್ದೆ, ಅವರು ಹಿಂದಿನ ಕೊಟ್ಟಿಗೆಯಲ್ಲಿ ರಸಗುಲ್ಲಾ ಹಿಂಡುತ್ತಿದ್ದರು."

ಮೊದಲು ನಕ್ಕದ್ದು ಯಮುನಕ್ಕ, ಆಮೇಲೆ ಎಲ್ಲರೂ. ನನಗೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹಿಂದಿನ ಬೆಂಚಿನಲ್ಲಿ ಸಂಹಿತಾ ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಸಂಜೆ ನಾನು ಗಿಡಗಳಿಗೆ ನೀರು ಹಾಕುತ್ತಿದ್ದಾಗ ಬಂದು ಕಟ್ಟೆಯ ಮೇಲೆ ಕೂತಳು. ಅಪ್ಪನ ಡಬ್ಬಗಳ ವಿಷಯ ತನಗೂ ಗೊತ್ತಿತ್ತು ಅಂದಳು. ಒಂದು ಭಾನುವಾರ ಭಜನೆಯಿಂದ ನನಗಿಂತ ಬೇಗ ಬಂದಾಗ ನೋಡಿದ್ದಳಂತೆ. ಇವರು ಒಂದು ರಸಗುಲ್ಲಾ ಅವಳ ಬಾಯಿಗೂ ಹಾಕಿ ಬಾಯಿ ಮುಚ್ಚಿಸಿದ್ದರಂತೆ. ಪರವಾಗಿಲ್ಲ, ನೀನೊಬ್ಬಳು ಉಳಿದಿದ್ದೆ, ಈಗ ಪೂರ್ತಿಯಾಯಿತು ಅಂದೆ.

ಅವಳು ಪುದೀನದ ಎಲೆಯೊಂದನ್ನು ಕಿತ್ತು ಬೆರಳಲ್ಲಿ ಉಜ್ಜುತ್ತ ಕೂತಳು.

"ಅಮ್ಮ, ನನಗೂ ಇದೆ. ಶುಗರ್. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸುಮ್ಮನೆ ಚೆಕ್ ಮಾಡಿಸಿದೆ. ಇನ್ನೂರ ಎಂಬತ್ತು ಇತ್ತು."

ಡಿಸೆಂಬರಿನಿಂದ ಮೂರು ತಿಂಗಳು. ಸೋಮವಾರಪೇಟೆಯ ಮೆಡಿಕಲ್ ಶಾಪಿನಿಂದ ಅಪ್ಪನ ಹಳೇ ಚೀಟಿ ತೋರಿಸಿ ಅವೇ ಮಾತ್ರೆ ತಂದು ನುಂಗುತ್ತಿದ್ದಾಳೆ. ಡಾಕ್ಟರನ್ನು ಕಂಡಿಲ್ಲ. ಇಪ್ಪತ್ತೊಂಬತ್ತು ವರ್ಷ. ನೀರು ಕುಡಿಯುವುದನ್ನು ನಾನು ಬಿಸಿಲು ಅಂದುಕೊಂಡೆ.

ಯಾಕೆ ಹೇಳಲಿಲ್ಲ ಅಂತ ಬಾಯಿಗೆ ಬಂತು. ಕೇಳಲಿಲ್ಲ. ಯಾಕೆ ಅಂತ ಗೊತ್ತಿತ್ತು. ಕೈಯಲ್ಲಿದ್ದ ಚೊಂಬು ಕೆಳಗಿಟ್ಟು ಅವಳ ಪಕ್ಕ ಕೂತೆ. ಹೆದರಿಕೆ ಆಯಿತಾ ಅಂತ ಕೇಳಿದೆ. ಹೂಂ ಅಂದಳು. ಎಷ್ಟೋ ಹೊತ್ತು ಹೂಂ ಹೂಂ ಅನ್ನುತ್ತಲೇ ಅತ್ತಳು. ಚಿಕ್ಕವಳಿದ್ದಾಗ ಹೀಗೆ ಅತ್ತರೆ ನಾನು ಕಣ್ಣೊರೆಸಿಕೊ ಅನ್ನುತ್ತಿದ್ದೆ.

ಡಾಕ್ಟರ ಹತ್ತಿರ ಯಾವಾಗ ಹೋಗೋಣ ಅಂತ ಅವಳನ್ನೇ ಕೇಳಿದೆ. ಬುಧವಾರ ರಜೆ ಹಾಕುತ್ತೇನೆ ಅಂದಳು.

ಮಾರ್ಚ್ 24, ಸೋಮವಾರ

ತೂಕದ ತಕ್ಕಡಿಯನ್ನು ಅಟ್ಟದ ಮೇಲಿಟ್ಟೆ. ಮಧ್ಯಾಹ್ನ ಮತ್ತೆ ಇಳಿಸಿದೆ. ಬೇಕಾಗಬಹುದು. ಅವಳು ಕೇಳಿದರೆ ಕೊಡುತ್ತೇನೆ. ಮತ್ತೆ ಅಟ್ಟಕ್ಕೇ ಹಾಕಿದೆ.

ಹಾಗಲಕಾಯಿ ಬಳ್ಳಿಯಲ್ಲಿ ಒಂಬತ್ತು ಕಾಯಿ ಇದೆ. ಯಮುನಕ್ಕನಿಗೆ ಕೊಟ್ಟು ಬಂದೆ.

ಮಾರ್ಚ್ 26, ಬುಧವಾರ

ಮಡಿಕೇರಿಗೆ ಹೋಗಿ ಬಂದೆವು. ಗುರುವಪ್ಪ ಜೀಪಿನಲ್ಲಿ ಬಿಡುತ್ತೇನೆ ಅಂದರು, ಸಂಹಿತಾ ಬಸ್ಸೇ ಇರಲಿ ಅಂದಳು.

ಡಾಕ್ಟರು ಇವರನ್ನು ನೋಡುತ್ತಿದ್ದವರೇ. ನನ್ನನ್ನು ಕಂಡು ಗುರುತು ಹಿಡಿದರು. ಮಾತ್ರೆ ತಾನೇ ತಂದು ನುಂಗಿದ್ದಕ್ಕೆ ಸಂಹಿತಾಗೆ ಬೈದರು, ಬೈಯಬೇಕಾದದ್ದೇ. ರಕ್ತ ತೆಗೆಸಿ, ರಿಪೋರ್ಟು ಬಂದ ಮೇಲೆ ಮತ್ತೆ ಒಳಗೆ ಕರೆದರು. ಇನ್ನೂರ ಹತ್ತಕ್ಕೆ ಇಳಿದಿದೆ. ಇನ್ಸುಲಿನ್ ಈಗಲೇ ಬೇಡವಂತೆ. ಒಂದು ತಿಂಗಳು ಮಾತ್ರೆ, ನಡಿಗೆ, ಊಟದ ಪಥ್ಯ, ಆಮೇಲೆ ನೋಡೋಣ ಅಂದರು. ಕಣ್ಣು, ಮೂತ್ರಪಿಂಡ ಸರಿ ಇವೆ.

ಎಲ್ಲ ಬರೆದು ಮುಗಿಸಿ ಚೀಟಿಯನ್ನು ನನ್ನ ಕಡೆ ಚಾಚಿದರು. "ನೀವಿದ್ದೀರಲ್ಲ ಟೀಚರ್, ಮಾಷ್ಟ್ರನ್ನ ನೋಡಿಕೊಂಡ ಹಾಗೆ ಇವಳನ್ನೂ ನೋಡಿಕೊಳ್ಳಿ."

ಕೈ ಅರ್ಧ ಮೇಲೆ ಹೋಗಿತ್ತು. ತೊಡೆಯ ಮೇಲೆ ವಾಪಸ್ಸು ಇಟ್ಟುಕೊಂಡೆ.

"ಅವಳಿಗೇ ಕೊಡಿ ಡಾಕ್ಟ್ರೇ," ಅಂದೆ.

ಸಂಹಿತಾ ಚೀಟಿ ತೆಗೆದುಕೊಂಡು ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಅದರಲ್ಲಿ ಎಷ್ಟು ಮಾತ್ರೆ ಬರೆದಿದೆ ಅಂತ ಈಗಲೂ ನನಗೆ ಗೊತ್ತಿಲ್ಲ. ಕೇಳಬೇಕು ಅನಿಸುತ್ತದೆ. ಹೇಳಬೇಕು ಅನಿಸಿದಾಗ ಅವಳೇ ಹೇಳುತ್ತಾಳೆ.

ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲ್ಲಿಗೆ ಹೋದೆವು. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ, ಮಧ್ಯಾಹ್ನ ಒಂದು ಗಂಟೆ. ಏನು ಕೊಡಲಿ ಅಂತ ಮಾಣಿ ಕೇಳಿದಾಗ ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಬೋರ್ಡು ಓದುತ್ತಿದ್ದೆ. ತುಂಬ ಉದ್ದದ ಬೋರ್ಡು. ಕೊನೆಗೆ ಅವಳೇ ಒಂದು ಮಸಾಲೆದೋಸೆ ಹೇಳಿದಳು. ನನಗೇನೂ ಬೇಡ, ಕಾಫಿ ಸಾಕು ಅಂದೆ.

ದೋಸೆ ಬಂತು, ಗರಿಗರಿ, ಬೆಣ್ಣೆ ಹೊಳೆಯುತ್ತಿತ್ತು. ಅವಳು ತಿಂದಳು. ಅರ್ಧಕ್ಕೆ ಬಂದಾಗ ಚಮಚದಿಂದ ನಡುವೆ ಗೆರೆ ಎಳೆದು ಉಳಿದದ್ದನ್ನು ನನ್ನ ಕಡೆ ತಳ್ಳಿದಳು.

ನಾನು ತಿಂದೆ. ಪಲ್ಯಕ್ಕೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು, ಆದರೆ ಚೆನ್ನಾಗಿತ್ತು.